ಜೋಳದ ಹೊಲದ ಟೇಪು

ಇಮಾಮಹುಸೇನರ ಶವವಿದ್ದ ಜನಾಜಾ ಹೊತ್ತವರು ಸತ್ಯನಾರಾಯಣಪೇಟೆಯ ಓಣಿಯ ತಿರುವು ದಾಟುವಷ್ಟರಲ್ಲಿ ಕುರುಗೋಡಿನ ವಿರೂಪಾಕ್ಷಪ್ಪ ಆಟೋ ಇಳಿದು ಓಡಿಬಂದರು. ಎಪ್ಪತ್ತೆರಡರ ಓಟ, ಓಟಕ್ಕಿಂತ ಏದುಸಿರೇ ಹೆಚ್ಚು. ಕಂಕುಳಲ್ಲಿದ್ದ ಪಾರ್ಸೆಲನ್ನು ಬಾಗಿಲಲ್ಲಿದ್ದ ಶಬನಂ ಕೈಗಿಟ್ಟರು.

"ನಿಮ್ಮಪ್ಪಂದವಾ. ನಿನ್ನಿ ಸಂಜಿಗಿ ಬಂತು. ಇವತ್ತ ತೋರಸಬೇಕಂದಿದ್ದೆ."

ಅಷ್ಟೇ ಹೇಳಿ, ಹೋಗಿ ಗೆಳೆಯನಿಗೆ ಹೆಗಲು ಕೊಟ್ಟರು.

ಪಾರ್ಸೆಲ್‌ನಲ್ಲಿದ್ದದ್ದು ಗ್ರಾಮಫೋನ್ ತಟ್ಟೆ. ಸುಮಾರು ಐವತ್ತು ವರ್ಷದ ಹಿಂದೆ ಲಾರಿ ಶೆಡ್ಡೊಂದರಲ್ಲಿ ಕಟ್ಟಿದ್ದ 'ಬಿಸಿಲು ಬ್ರದರ್ಸ್' ಎಂಬ ರಾಕ್ ತಂಡದ ಹಾಡುಗಳು. ಹಗಲು ಲಾರಿಗಳಿಗೆ ಬಣ್ಣ ಬಳಿಯುತ್ತಿದ್ದ ಇಮಾಮಹುಸೇನ್ ಸಂಜೆ ಅಲ್ಲೇ ಗಿಟಾರು ಹಿಡಿಯುತ್ತಿದ್ದರು. ಅದು ಅಳುತ್ತಿದೆಯೋ ಅಮಲಿನಲ್ಲಿ ತೂಕಡಿಸುತ್ತಿದೆಯೋ ಕೇಳಿದವರಿಗೆ ತಿಳಿಯುತ್ತಿರಲಿಲ್ಲ. ಆಗ ಮಾಡಿಸಿದ ಮುನ್ನೂರು ತಟ್ಟೆಗಳಲ್ಲಿ ಮೂವತ್ತೂ ಖರ್ಚಾಗಲಿಲ್ಲ. ಈಗ ಬೆಂಗಳೂರಿನ ಸಣ್ಣ ಕಂಪನಿಯೊಂದು ಅವನ್ನೇ ಮತ್ತೆ ಹೊರತಂದಿತ್ತು.

ಒಳಗೆ ಹೆಂಗಸರ ನಡುವೆ ಕೂತಿದ್ದ ಮಾಸುಮಾಬಿ ಮಗಳ ಕೈಯಲ್ಲಿದ್ದದ್ದು ಕಂಡು ಸೆರಗನ್ನು ಮುಖಕ್ಕೆಳೆದುಕೊಂಡಳು. ಆ ಹಾಡುಗಳ ಟೇಪು ಎಂದೋ ಹಾಳಾಗಿತ್ತು. ಹಾಳು ಮಾಡಿದವಳು ಅವಳೇ.

*

ಮದುವೆಯಾದ ಎರಡನೇ ವರ್ಷ ತೆಕ್ಕಲಕೋಟೆಯಿಂದ ತಮ್ಮ ಮುಸ್ತಾಕ್ ಬಂದಿದ್ದ.

"ಆಪಾ, ಹಳೇ ಟೇಪ್ ಇದ್ರ ಕೊಡು. ಜ್ವಾಳದ ಹೊಲಕ್ಕ ಕಟ್ಟಿದ್ರ ಗಾಳಿಗೆ ಗುಂಯ್ ಅಂತೈತಿ, ಗುಬ್ಬಿ ಬರಂಗಿಲ್ಲ."

ಅವಳು ಟ್ರಂಕಿನ ತಳದಲ್ಲಿದ್ದ ಸುರುಳಿ ತೆಗೆದು ಕೊಟ್ಟಳು. ಅದು ಹಾಡುಗಳ ಮೂಲ ಟೇಪು ಎಂದು ತಿಳಿಯುವಷ್ಟರಲ್ಲಿ ಜೋಳ ರಾಶಿಯಾಗಿತ್ತು. ಆಗಲೇ ಹೇಳಿಬಿಡಬೇಕಿತ್ತು; ಹೇಳಲಿಲ್ಲ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂಬಂತೆ ಗಂಡ ಟ್ರಂಕಿನ ಕಡೆ ನೋಡಿದರೂ ಸಾಕು, ಅವಳ ಕೈಯಿಂದ ಸೌಟು ಜಾರುತ್ತಿತ್ತು. ಕಳೆದ ವರ್ಷ ಕಂಪನಿಯವರು ಬಂದು ಟೇಪು ಕೇಳಿದಾಗ ಇಮಾಮಹುಸೇನ್, "ಇಲ್ಲೇನಿಲ್ರಿ, ಎಲ್ಲೋ ಕಳದೈತಿ" ಎಂದಿದ್ದರು.

ಇವತ್ತು ಕೊನೆಯ ಸಲ ಮುಖ ನೋಡುವಾಗ, "ಮಾಫಿ ಕೇಳವಾ" ಎಂದು ಹಿರಿಯರು ಹೇಳಿದರು. ಅವಳು ಬಿಳಿ ಬಟ್ಟೆಯ ಅಂಚನ್ನು ಸರಿಮಾಡಿ, ಕೇಳದೆಯೇ ಎದ್ದುಬಂದಳು.

*

ಮಣ್ಣು ಕೊಟ್ಟು ಬಂದ ವಿರೂಪಾಕ್ಷಪ್ಪ ಕಟ್ಟೆಯ ಮೇಲೆ ಕೂತರು. ಬಾಗಿಲ ಪರದೆಯ ಆಚೆಯಿಂದ ಮಾಸುಮಾಬಿಯ ದನಿ ಬಂತು.

"ಅಣ್ಣಾರ, ಆ ಟೇಪ್ ನಾನ ಹಾಳ ಮಾಡಿದ್ದೆ. ಅವ್ರಿಗೆ ಹೇಳ್ಲೇ ಇಲ್ಲ. ಮುಂಜಾನಿ ಮಾಫಿ ಕೇಳಾಕೂ ಆಗ್ಲಿಲ್ಲ."

ವಿರೂಪಾಕ್ಷಪ್ಪನವರಿಗೆ ನಗು ಬಂತು. ಸಾವಿನ ಮನೆಯೆಂದು ನೆನಪಾಗಿ ಟವಲಿನಿಂದ ಬಾಯಿ ಮುಚ್ಚಿಕೊಂಡರು.

"ತೆಕ್ಕಲಕೋಟಿ ಹೊಲಕ್ಕ ಕಟ್ಟಿದ್ದಲ್ಲ? ಅವಗ ಗೊತ್ತಿತ್ತು ತಂಗೆಮ್ಮ."

"ಯಾವಾಗಿಂದ?"

"ಆ ವರ್ಷದಿಂದಾನ. ಸಿರುಗುಪ್ಪಕ್ಕ ಬೋರ್ಡ್ ಬರಿಯಾಕ ಹೊಂಟಿದ್ವಿ, ನಿನ್ನ ತಮ್ಮನ ಹೊಲದತ್ರ ಇಳದ್ವಿ. ಗೂಟಕ್ಕ ಟೇಪಿನ ಖಾಲಿ ಚಕ್ರ ತೂಗ ಹಾಕಿದ್ದ, ಅದರ ಮ್ಯಾಲ ಇವನ ಅಕ್ಷರ. ಒಂದು ತಾಸು ಬದುವಿನ ಮ್ಯಾಲ ಕುಂತ. 'ಲೇ ವಿರೂಪಾಕ್ಷಿ, ಮಂದಿ ಕೇಳ್ಲಿಲ್ಲ, ಗುಬ್ಬಿಗೊಳಾರ ಕೇಳ್ಲಿ. ಆಕಿಗೆ ಹೇಳಬ್ಯಾಡ, ನೊಂದ್ಕೊಂತಾಳ' ಅಂದ. ಅದರದ್ದ ಇನ್ನೊಂದು ನಕಲು ಸುರುಳಿ ನಮ್ಮನಿ ಅಟ್ಟದ ಮ್ಯಾಲಿತ್ತು. ಈ ತಟ್ಟಿ ಅದರಿಂದ ಆಗೇತಿ."

ನಲವತ್ತು ವರ್ಷ ಏನೂ ಅರಿಯದವನಂತೆ ಎದುರು ಕೂತು ರೊಟ್ಟಿ ಮುರಿದ ಮನುಷ್ಯನ ಮೇಲೆ ಮಾಸುಮಾಬಿಗೆ ಸಿಟ್ಟು ಬಂತು. ಸಿಟ್ಟಿನ ಬೆನ್ನಿಗೇ ಅಳು ಬಂತು, ಅಳುವಿನ ನಡುವೆ ನಗುವೂ ಬಂತು.

"ತಟ್ಟಿ ಹೊದಿಕಿ ಮ್ಯಾಲಿನ ಚಿತ್ರ ನೋಡಿದಿ?" ವಿರೂಪಾಕ್ಷಪ್ಪ ಕೇಳಿದರು. "ಅವನ ಬರದಾನ."

ಕಳೆದ ವರ್ಷ ಗಂಡ ಅದನ್ನು ಬರೆಯುತ್ತಿದ್ದಾಗ ಯಾವುದೋ ಲಾರಿಗೆಂದು ಅವಳು ತಿರುಗಿಯೂ ನೋಡಿರಲಿಲ್ಲ. ಈಗ ಮಗಳಿಂದ ತಟ್ಟೆ ಇಸಿದುಕೊಂಡು ಅದರ ಹೊದಿಕೆಯನ್ನು ಬೆಳಕಿಗೆ ಹಿಡಿದಳು. ತೆನೆ ತುಂಬಿದ ಜೋಳ. ಅದರ ಮೇಲೆ ಹೊಲದುದ್ದಕ್ಕೂ ಕಂದು ಟೇಪು. ಹಸಿರು ಸೀರೆಯ ಹೆಂಗಸೊಬ್ಬಳು ಅದನ್ನು ಗೂಟಕ್ಕೆ ಕಟ್ಟುತ್ತಿದ್ದಾಳೆ. ಗುಬ್ಬಿಗಳೆಲ್ಲ ಚದುರಿ ಹಾರುತ್ತಿವೆ. ಒಂದು ಮಾತ್ರ ಟೇಪಿನ ಮೇಲೇ ಕೂತು, ಕತ್ತು ಓರೆ ಮಾಡಿ ಕೇಳುತ್ತಿದೆ.