ಗಟ್ಟಿಮರ ಸಿಗುವ ತನಕ

ಮಳೆ ನಿಂತು ಬಿಸಿಲು ಬಲಿಯತೊಡಗಿದ ಕಾಲ. ಹಿತ್ತಿಲಿನ ಹಸಿರು ಬಲೆಯ ನೆರಳಲ್ಲಿ ಪಾಲಿಶ್ ಮೇಸ್ತ್ರಿ ಮೂಗಿಗೆ ಟವೆಲು ಕಟ್ಟಿಕೊಂಡು ಮಗಳ ಮರಜರೀಗಿಡಕ್ಕೆ, ಮರದಂತೆ ಕಾಂಡ ಬಿಟ್ಟು ಬೆಳೆಯುವ ಜರೀಗಿಡಕ್ಕೆ, ನೀರು ಹಾಕುತ್ತಿದ್ದ. ಮಗಳು ಹೇಳಿ ಹೋದಂತೆ ಬುಡಕ್ಕಲ್ಲ, ನೆತ್ತಿಯಿಂದ ಮೈಯುದ್ದಕ್ಕೂ ಇಳಿಯುವ ಹಾಗೆ. ಆಳೆತ್ತರದ ಕಾಂಡ, ತೊಡೆಗಾತ್ರ, ಮೈತುಂಬ ಕಂದು ನಾರು. ನೀರು ಬಿದ್ದೊಡನೆ ಆ ನಾರು ಒದ್ದೆ ನಾಯಿಯ ಕೂದಲಿನಂತೆ ಅಂಟಿಕೊಂಡು ಕೊಳೆತ ಎಲೆಯ ವಾಸನೆ ಬಿಡುತ್ತಿತ್ತು. ಮೇಲೆ, ಇನ್ನೂ ಬಿಚ್ಚಿಕೊಳ್ಳದ ಎಳೆ ಗರಿಗಳು ರೋಮ ಹೊದ್ದು ಇಲಿಬಾಲದಂತೆ ಸುರುಳಿ ಸುತ್ತಿಕೊಂಡಿದ್ದವು. ಅತ್ತ ನೋಡಲಾಗದೆ ಅವನು ಮುಖ ತಿರುಗಿಸಿ ಚೊಂಬು ಬಗ್ಗಿಸುತ್ತಿದ್ದ. ಅರ್ಧ ನೀರು ತನ್ನ ಪಾದಕ್ಕೇ ಬೀಳುತ್ತಿತ್ತು.

ಬಾಗಿಲು, ಮಂಚ, ಅಂಗಡಿಯ ಕಪಾಟು ಎಂದು ಜೀವಮಾನವೆಲ್ಲ ಮರದಿಂದ ತೇವ ಓಡಿಸುವುದೇ ಅವನ ಕಸುಬಾಗಿತ್ತು. ಹಸಿ ಹಿಡಿದ ಹಲಗೆ ಮೂಸಿದ ದಿನ ಅವನಿಗೆ ಊಟ ಸೇರುತ್ತಿರಲಿಲ್ಲ. ಅಂಥವನ ಪಾಲಿಗೆ ಬೇಕೆಂದೇ ಒದ್ದೆಯಾಗಿಡಬೇಕಾದ ಈ ಮರ ಬಂದಿತ್ತು. ಬೇಡ ಎನ್ನುವಂತಿರಲಿಲ್ಲ. ಪಾಲಿಶಿಗೆ ಬೆರೆಸುವ ಸ್ಪಿರಿಟಿನ ಘಾಟು ಕುಡಿದು ಕುಡಿದು ಎದೆ ಕೆಟ್ಟು ಅವನು ಹಾಸಿಗೆ ಹಿಡಿದಾಗ ಮಗಳು ತನ್ನ ಮನೆಗೆ ಕರೆತಂದು, ಅವನು ಕೆಮ್ಮಿ ತುಂಬಿಸಿದ ಬಟ್ಟಲನ್ನು ಎಷ್ಟೋ ತಿಂಗಳು ತನ್ನ ಕೈಯಾರೆ ತೊಳೆದಿದ್ದಳು. ಆ ಬಟ್ಟಲು ನೋಡಿದರೆ ಅವನಿಗೇ ವಾಕರಿಕೆ ಬರುತ್ತಿತ್ತು. ಈಗ ಎದ್ದು ಓಡಾಡುತ್ತಿದ್ದ, ಆದರೆ ಆ ಹಂಗು ಗಂಟಲಲ್ಲೇ ಉಳಿದಿತ್ತು. ಅವಳಿಗೆಂದು ತನ್ನ ಕೈಯಿಂದ ಒಂದು ಕೆಲಸ ಆಗಬೇಕು, ಇಲ್ಲವಾದರೆ ಈ ಮನೆಯ ಅನ್ನ ಇಳಿಯುವುದಿಲ್ಲ ಅನ್ನಿಸುತ್ತಿತ್ತು.

ಮಗಳು ಕೆಲಸದ ತರಬೇತಿಗೆಂದು ಪರವೂರಿಗೆ ಹೋಗಿದ್ದಳು. ಮದುವೆಯಾಗಿ ಬಂದ ಹೊಸದರಲ್ಲಿ ಮೊಣಕಾಲೆತ್ತರದ ಸಸಿ ತಂದು ನೆಟ್ಟು, ನೆರಳು ಕಟ್ಟಿ, ಬೆಳಿಗ್ಗೆ ಸಂಜೆ ಅದರ ಮೈ ತೋಯಿಸಿ ಬೆಳೆಸಿದ ಗಿಡ ಅದು. ಮಕ್ಕಳಿಲ್ಲದ ಮನೆ. ಬೇಸರವಾದಾಗ ಅವಳು ಬಂದು ಕೂರುವುದೂ ಅದರ ಬುಡದಲ್ಲೇ. ಲಾರಿ ಓಡಿಸುವ ಅಳಿಯ ಊಟಕ್ಕೆ ಕೂತಾಗ ತಮಾಷೆ ಮಾಡುತ್ತಿದ್ದ: "ಮಾವ, ಮುಂದಿನ ಜನ್ಮಕ್ಕೆ ನಾನೂ ಹಿತ್ತಲಲ್ಲೇ ಹುಟ್ತೀನಿ. ದಿನಾ ಎರಡು ಹೊತ್ತು ಸ್ನಾನ ಮಾಡಿಸ್ತಾಳೆ."

ಆ ಬೆಳಿಗ್ಗೆ ಚೊಂಬಿನ ಅಂಚು ತಾಗಿ ನಾರಿನ ಒಂದು ಹಿಡಿ ಕಳಚಿ ಬಿತ್ತು. ಒಳಗೆ ಬಿಳಿ ಹುಳು ಮಿಸುಕಿತು. ಸುತ್ತ ಕಪ್ಪಗೆ ಲೋಳೆ. ಮೇಸ್ತ್ರಿಗೆ ಮೈ ಜುಮ್ಮೆಂದಿತು. ಹೇಸಿಗೆಯ ಜೊತೆಗೇ ಒಂದು ಹುರುಪೂ ಹುಟ್ಟಿತು. ಮರ ಕೊಳೆತಿದೆ, ಪಾಪ, ಅವಳಿಗೆ ಗೊತ್ತಾಗಿಲ್ಲ. ಕೊಳೆತ ಮರಕ್ಕೆ ಏನು ಮಾಡಬೇಕೆಂದು ಇಡೀ ಮನೆಯಲ್ಲಿ ಗೊತ್ತಿದ್ದವನು ಅವನೊಬ್ಬನೇ. ಗಟ್ಟಿಮರ ಸಿಗುವ ತನಕ ಕೆರೆಯಬೇಕು, ಒಣಗಿಸಬೇಕು, ಮೇಲೆ ವಾರ್ನಿಶ್ ಎಳೆಯಬೇಕು. ಮಂಚದ ಕೆಳಗಿನ ಪೆಟ್ಟಿಗೆಯಿಂದ ಕೆರೆಯುವ ತಗಡು ತೆಗೆದ.

ಕೆರೆದಷ್ಟೂ ನಾರು ಬಂತು. ಗಾಯದ ಹಕ್ಕಳೆ ಎದ್ದಂತೆ ಪದರ ಪದರವಾಗಿ ಬಂತು. ಉಗುರ ಸಂದಿಗೆ ಲೋಳೆ ಸೇರಿತು. ಕುತ್ತಿಗೆಯ ಮೇಲೆ ಏನೋ ಹರಿದಾಡಿತು. ಒಮ್ಮೆ ಗೋಡೆಯ ಬದಿಗೆ ಹೋಗಿ ಬೆಳಗಿನ ಕಾಫಿಯನ್ನೆಲ್ಲ ಕಾರಿಕೊಂಡ. ಬಾಯಿ ತೊಳೆದು ಮತ್ತೆ ಕೂತ. ತೊಡೆಗಾತ್ರದ ಕಾಂಡ ಮಧ್ಯಾಹ್ನಕ್ಕೆ ತೋಳಿನಷ್ಟಾಯಿತು, ಸಂಜೆಗೆ ಮುಂಗೈಯಷ್ಟು. ಇಷ್ಟೊಂದು ಕೊಳೆತ ಮರ ಅದು ಹೇಗೆ ನಿಂತಿತ್ತೋ ಎಂದು ಆಶ್ಚರ್ಯಪಟ್ಟ. ಕೊನೆಗೆ ತಗಡು ಟಣ್ಣೆಂದಿತು. ಕಪ್ಪಗೆ, ಕಬ್ಬಿಣದಂಥ ತಿರುಳು. ಆಹಾ ಎಂದುಕೊಂಡ.

ಮರುದಿನ ಉಪ್ಪುಕಾಗದ ತಿಕ್ಕಿ ನುಣುಪು ಮಾಡಿದ. ಅದರ ಮರುದಿನ ವಾರ್ನಿಶ್. ಅಷ್ಟೂ ದಿನ ಒಂದು ತೊಟ್ಟು ನೀರು ಹಾಕಲಿಲ್ಲ. ವಾಸನೆ ಬಂದು ಅಳಿಯ ಕೇಳಿದ್ದಕ್ಕೆ, ಅವಳು ಬಂದ ಮೇಲೆ ನೋಡುವಿಯಂತೆ ಎಂದು ನಕ್ಕ. ಗರಿಗಳು ಬಾಡಿದ್ದು ಕಣ್ಣಿಗೆ ಬಿದ್ದರೂ ಬಿಸಿಲಿಗೆ ಎಂದುಕೊಂಡ.

ಮಗಳು ಬಂದದ್ದು ಸಂಜೆ. ಚೀಲ ಇಳಿಸಲೂ ಬಿಡದೆ ಹಿತ್ತಿಲಿಗೆ ಕರೆದೊಯ್ದ.

ಬಾಡಿದ ಗರಿಗಳ ಕೆಳಗೆ ಕಪ್ಪು ಕೋಲು ಥಳಥಳಿಸುತ್ತಿತ್ತು.

"ಅಪ್ಪ, ಇದರ ಬೇರುಗಳೆಲ್ಲ ಎಲ್ಲಿ?"

"ಬೇರು ಮಣ್ಣೊಳಗೇ ಇದೆ ಪುಟ್ಟಿ, ಮುಟ್ಟಿಲ್ಲ. ಮೇಲಿನ ಕೊಳೆ ಅಷ್ಟೇ ತೆಗೆದೆ. ಪೂರ್ತಿ ಹುಳ ಬಿದ್ದಿತ್ತು."

"ನೀನು ಕೊಳೆ ಅಂದ ಆ ನಾರೇ ಇದರ ಬೇರು, ಅಪ್ಪ. ಇದು ನೀರು ಕುಡೀತಿದ್ದದ್ದೇ ಮೈಯಿಂದ."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟರಲ್ಲಿ ಅವಳು ಗೋಡೆಯ ಮೂಲೆಗೆ ಹೋಗಿ, ಅವನು ಅಲ್ಲಿ ಗುಡಿಸಿ ರಾಶಿ ಹಾಕಿದ್ದ ನಾರನ್ನು ಎರಡೂ ಕೈಯಲ್ಲಿ ಬಾಚಿ ತಂದು ಕಾಂಡಕ್ಕೆ ಒತ್ತತೊಡಗಿದ್ದಳು. ಒಣಗಿದ ನಾರಿನ ನಡುವೆ ಅವನ ವಾಂತಿಯೂ ಇತ್ತು, ಇರುವೆ ಮುತ್ತಿತ್ತು. ಅವಳು ನೋಡಿದಳು, ಆದರೂ ಒತ್ತಿದಳು. ನಾರು ಹಿಡಿದುಕೊಳ್ಳಲೆಂದು ಅವನೂ ಕೈ ಚಾಚಿದ. ಬೆರಳಿಗೆ ಬೆರಳು ತಾಗಿತು.

ಅವಳು ಕೈ ಹಿಂದಕ್ಕೆಳೆದುಕೊಂಡಳು, ಮುಟ್ಟಬಾರದ್ದನ್ನು ಮುಟ್ಟಿದಂತೆ.

ನಾರು ಜಾರಿ ನೆಲಕ್ಕೆ ಬಿತ್ತು.

"ನಿನಗೆ ಏನಾದರೂ ಮಾಡೋಣ ಅಂತ..." ಎಂದ ಮೇಸ್ತ್ರಿ.

"ಗೊತ್ತು," ಎಂದಳು. "ಇನ್ನು ಏನೂ ಮಾಡಬೇಡ."

ನಲ್ಲಿಯ ಬಳಿ ಕೂತು ಸೋಪು ಹಚ್ಚಿ ಮೊಣಕೈ ತನಕ ತೊಳೆದಳು. ನೊರೆ ಹೋದ ಮೇಲೆ ಮತ್ತೆ ಹಚ್ಚಿದಳು. ಆಮೇಲೆ ಒಳಗೆ ಹೋಗಿ ಅಡುಗೆಮನೆಯ ದೀಪ ಹಾಕಿದಳು. ಅನ್ನಕ್ಕಿಡುವ ಪಾತ್ರೆಯ ಸದ್ದು ಕೇಳಿಸಿತು.

ಮೇಸ್ತ್ರಿ ಅಲ್ಲೇ ಉಳಿದ. ಕಾಂಡದೊಳಗೆ ಇನ್ನೂ ತೇವವಿತ್ತೇನೋ, ವಾರ್ನಿಶ್ ಆರಿರಲಿಲ್ಲ. ಒಂದು ನೊಣ ಬಂದು ಕೂತು, ಕಾಲು ಅಂಟಿ, ರೆಕ್ಕೆ ಬಡಿಯುತ್ತಿತ್ತು. ಬಿಡಿಸಲೆಂದು ಬೆರಳು ಚಾಚಿದವನು ಹಾಗೇ ತಡೆದು ನಿಂತ.