ನೆನೆಸಿದ ಹುಲ್ಲು

ಕಪ್ಪು ಕೋಟಿನ ತೋಳು ಮೇಲೇರಿಸಿಕೊಂಡು ಮಾರೆಡ್ ಕುದುರೆ ಟೆಗ್‌ನ ಮೂತಿಯಿಂದ ಬಕೆಟ್ ಕಿತ್ತುಕೊಂಡಳು. ತಳದಲ್ಲಿ ನಾಲ್ಕು ಕಾಳು ಬಾರ್ಲಿ ಉಳಿದಿತ್ತು.

"ಯಾರು ಇಟ್ಟಿದ್ದು ಇದನ್ನ?"

ಬೇಲಿಯಾಚೆಯ ನೆರೆಮನೆಯ ಡಿಲ್ವಿನ್ ಟೋಪಿ ತೆಗೆದ. "ನಾನೇ ಕಣಮ್ಮ. ಯಜಮಾನನ್ನ ಮಣ್ಣು ಮಾಡೋ ದಿನ ಟೆಗ್ ಹಸಿದಿರಬೇಕಾ? ಚಳಿ ಬೇರೆ."

"ಬೆಳಿಗ್ಗೆ ಹುಲ್ಲು ಹಾಕಿದೀನಿ ಮಾಮ. ತೂಕ ಮಾಡಿಯೇ ಹಾಕಿದ್ದು, ಏಳು ಕಿಲೋ."

"ಆ ತೊಳೆದ ಹುಲ್ಲಾ? ಅದೂ ಒಂದು ಊಟಾನಾ! ನಿಮ್ಮಪ್ಪ ಇಡ್ವಾಲ್‌ನ ಜಿಪುಣತನ ನಿನಗೂ ಬಂತು ಬಿಡು."

"ಬಕೆಟ್ ಎಷ್ಟು ತುಂಬಿತ್ತು?"

"ಕಂಠಪೂರ್ತಿ. ಸಾವಿನ ಮನೆಗೆ ಅರ್ಧ ಬಕೆಟ್ ತರ್ತಾರಾ?"

ಗೇಟಿನಿಂದ ಗ್ವೆನೊ ಅತ್ತೆ ಕೂಗಿದಳು. "ಕಾರು ಕಾಯ್ತಿದೆ ಕಣೇ! ಕುದುರೆಗೆ ನಾನೂ ಒಂದಿಷ್ಟು ಬ್ರೆಡ್ ಹಾಕಿದೀನಿ, ಹೊಟ್ಟೆ ತುಂಬಿರತ್ತೆ, ಬಾ!"

ಮಾರೆಡ್ ಬಕೆಟ್ಟನ್ನು ಬೇಲಿಯಾಚೆ ಇಟ್ಟಳು. ಟೆಗ್ ಅನ್ನು ಹುಲ್ಲಿಲ್ಲದ ಕಲ್ಲಂಗಳದಲ್ಲಿ ಕೂಡಿ, ಕಾರಿನಿಂದಲೇ ಪಶುವೈದ್ಯರಿಗೆ ಫೋನ್ ಮಾಡಿದಳು. ಸಂಜೆ ಬರುತ್ತೇನೆ, ಇನ್ನೇನೂ ಹಾಕಬೇಡಿ, ಗೊರಸು ಬಿಸಿಯಾಗುತ್ತದೇನೋ ನೋಡುತ್ತಿರಿ ಎಂದರು.

*

ಆರು ವರ್ಷದ ಹಿಂದೆ ಅಮ್ಮ ತೀರಿಕೊಂಡ ಚಳಿಗಾಲ. ರಸ್ತೆ ರಿಪೇರಿಯ ಕೆಲಸದಿಂದ ನಿವೃತ್ತನಾಗಿದ್ದ ಇಡ್ವಾಲ್ ತಾನು ಉಣ್ಣದೆ ಬಿಟ್ಟದ್ದನ್ನೆಲ್ಲ ಟೆಗ್‌ಗೆ ಉಣ್ಣಿಸಿದ. ವರ್ಷಕ್ಕೆರಡು ಸಲ ಬೆಟ್ಟದಿಂದ ಕುರಿ ಇಳಿಸುವುದು ಬಿಟ್ಟರೆ ಅದಕ್ಕೆ ಕೆಲಸವಿರಲಿಲ್ಲ. ದಿನಕ್ಕೆರಡು ಹೊತ್ತು ಬಾರ್ಲಿ. ದಟ್ಟ ರೋಮದಡಿ ಬೊಜ್ಜು ಕಣ್ಣಿಗೆ ಬೀಳಲಿಲ್ಲ. ಒಂದು ಬೆಳಿಗ್ಗೆ, ಅತಿ ಮೇವಿನಿಂದ ಗೊರಸುಗಳು ಬಾತು ಕೆಂಡದಂತಾಗಿ, ಮುಂಗಾಲು ಊರಲಾರದೆ ಟೆಗ್ ಹಿಂದಕ್ಕೆ ವಾಲಿ ನಿಂತಿತ್ತು. ಇನ್ನೊಮ್ಮೆ ಹೀಗಾದರೆ ಗುಂಡಿಟ್ಟು ಕೊಲ್ಲುವುದೇ ಗತಿ ಎಂದಿದ್ದರು ವೈದ್ಯರು.

"ಪ್ರೀತಿ ಮಾಡಿ ನಾನೇ ಕೆಡಿಸಿದೆ," ಎಂದಿದ್ದ ಅಪ್ಪ. "ಯಾರಿಗೂ ಹೇಳಬೇಡ."

ಆಮೇಲೆ ಹೊಲಕ್ಕೆ ಹಳೆಯ ಸ್ನಾನದ ತೊಟ್ಟಿ ಬಂತು. ಸಿಹಿಯಂಶ ಹೋಗಲೆಂದು ರಾತ್ರಿಯಿಡೀ ಹುಲ್ಲು ನೆನೆಸುವುದು, ಬೆಳಿಗ್ಗೆ ಮಂಜುಗಡ್ಡೆ ಒಡೆದು ತೆಗೆಯುವುದು, ಮಂಡಿಯೂರಿ ನಾಲ್ಕೂ ಗೊರಸು ಮುಟ್ಟುವುದು. "ಇಡ್ವಾಲ್‌ನ ಪ್ರಾರ್ಥನೆ ಶುರುವಾಯ್ತು," ಎಂದು ಡಿಲ್ವಿನ್ ದಿನಾ ನಗುತ್ತಿದ್ದ.

*

ಸಮಾಧಿಯ ನಂತರ ಚಾಪೆಲ್‌ನ ಹಿಂದಿನ ಕೋಣೆಯಲ್ಲಿ ಚಹಾ. ಅತ್ತೆ ಉಳಿದ ಹಣ್ಣಿನ ಬ್ರೆಡ್ಡನ್ನು ಕಾಗದದಲ್ಲಿ ಸುತ್ತುತ್ತಿದ್ದಳು.

"ಅದು ಯಾರಿಗೆ, ಅತ್ತೆ?"

"ಟೆಗ್‌ಗೆ. ನಮ್ಮಣ್ಣನ ಕೈಯಲ್ಲಂತೂ ಬಾಯಿಗೆ ರುಚಿ ಕಾಣಲಿಲ್ಲ, ಪಾಪ."

ಮೇಜಿನ ಸುತ್ತ ಸಣ್ಣ ನಗು. ಮಾರೆಡ್ ಚಹಾದ ಕಪ್ ಕುಕ್ಕಿದಳು.

"ಸಾಕು ಮಾಡ್ತೀರಾ? ಹೀಗೇ ಉಣ್ಣಿಸಿ ಅಪ್ಪ ಅದನ್ನ ಕೊಂದೇಬಿಡ್ತಿದ್ರು! ನಾಚಿಕೆಗೆ ಯಾರಿಗೂ ಹೇಳಲಿಲ್ಲ. ಆರು ವರ್ಷ ನಿಮ್ಮ ಬಾಯಲ್ಲಿ ಜಿಪುಣ ಅನ್ನಿಸ್ಕೊಂಡ್ರು. ಇವತ್ತು ನೀವೆಲ್ಲ ಸೇರಿ ಅದನ್ನೇ ಮಾಡಿದೀರಿ!"

ಹೇಳಬಾರದ್ದನ್ನು ಹೇಳಿಬಿಟ್ಟೆನೆಂದು ಅವಳಿಗೆ ಅಳುವಿಗಿಂತ ಸಿಟ್ಟೇ ಬಂತು. ಡಿಲ್ವಿನ್‌ನ ಕುರ್ಚಿ ಮಾತ್ರ ಖಾಲಿಯಾಯಿತು.

ಮಾರೆಡ್ ಮನೆ ಮುಟ್ಟುವಾಗ ಹೊತ್ತು ಇಳಿಯುತ್ತಿತ್ತು. ಕಲ್ಲಂಗಳದಲ್ಲಿ ಡಿಲ್ವಿನ್ ಸೂಟಿನಲ್ಲೇ ಕೆಸರಿಗೆ ಮಂಡಿಯೂರಿದ್ದ.

"ಗೊರಸು ತಣ್ಣಗಿದೆ ಮಗಳೇ. ತಣ್ಣಗೇ ಇದೆ, ಅಲ್ವಾ?"

"ಈಗಲೇ ಗೊತ್ತಾಗಲ್ಲ ಮಾಮ. ನಾಳೆ ಪೂರ್ತಿ ಕಾಯಬೇಕು."

ಅವನು ಏಳಲಿಲ್ಲ. ಕೈಗವಸು ಹಲ್ಲಿನಲ್ಲಿ ಕಚ್ಚಿಕೊಂಡು, ಬರಿಯ ಅಂಗೈಯನ್ನು ಮುಂದಿನ ಗೊರಸಿಗೆ ಸರಿಸಿದ.