ಗೊತ್ತಿಲ್ಲದ ಬೇರು

ಅಪರೂಪದ ಗಿಡ ಕಾಯುವ ಕೆಲಸಕ್ಕೆ ಊರಿನ ಹೆಂಗಸರಿಗೇ ತರಬೇತಿ, ಪಾಸಾದವರಿಗೆ ಖಾಯಂ ನೌಕರಿ ಎಂದು ಕೆಳಗಿನ ಬಯಲಿನ ಸಂಸ್ಥೆಯೊಂದು ಸಾರಿದಾಗ ಗಂಗೋತ್ರಿ ನಂಬಲಿಲ್ಲ. ಹಿಮಾಲಯದ ಮುನ್ಸ್ಯಾರಿಯ ಮೇಲಿನ ಹುಲ್ಲುಗಾವಲಿನಲ್ಲಿ ಹೋದ ವರ್ಷ ಕದ್ದು, ಔಷಧಕ್ಕೆ ಮಾರುವ ಅತೀಸ್ ಬೇರು ಅಗೆದವರನ್ನು ಅರಣ್ಯದ ಗಾರ್ಡುಗಳು ಇನ್ನೂ ಹುಡುಕುತ್ತಿದ್ದರು. ಅಗೆದವರು ಇದೇ ಊರಿನ ಹೆಂಗಸರು. ಅವರಲ್ಲಿ ಗಂಗೋತ್ರಿಯದೇ ಚುರುಕು ಕೈ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಬೇರು ಗೊತ್ತು ಅಂದವಳನ್ನೇ ಹಿಡಿದು ಜೈಲಿಗಟ್ಟುವ ಆಟವಿದು ಎಂದು ಇವರೆಲ್ಲ ತೀರ್ಮಾನಿಸಿಬಿಟ್ಟರು. ಹೋಗದಿದ್ದರೂ ಅನುಮಾನ ಬರುತ್ತದೆ. ಆದ್ದರಿಂದ ಹೋಗುವುದು, ಏನು ತೋರಿಸಿದರೂ ಗೊತ್ತಿಲ್ಲ ಎನ್ನುವುದು. ಹುಟ್ಟಿದಾಗಿನಿಂದ ಆ ಗುಡ್ಡದಲ್ಲಿ ಕುರಿ ಮೇಯಿಸಿದವರು ಎರಡು ವಾರ ಪೆದ್ದರ ಹಾಗೆ ಕೂತರು. ಕಲಿಸಲು ಬಂದ ನೌಟಿಯಾಲ್ ಸಾಹೇಬರೋ ಪುಸ್ತಕ ಅರೆದು ಕುಡಿದವರು, ಯಾವಾಗಲೂ ನಗುಮುಖ. ಆ ನಗು ಕಂಡಷ್ಟೂ ಗಂಗೋತ್ರಿಗೆ ಅನುಮಾನ.

ಪರೀಕ್ಷೆಯ ದಿನ ಸಾಹೇಬರು ಪೇಟೆಯಲ್ಲಿ ಕೊಂಡ ಒಣ ಬೇರುಗಳನ್ನು ತಟ್ಟೆಯಲ್ಲಿ ಹರಡಿ, ಎಲ್ಲವೂ ಅತೀಸ್, ಚೂರು ಕಚ್ಚಿ ಕಹಿ ನೋಡಿ ಎಂದರು. ಗಂಗೋತ್ರಿ ಒಮ್ಮೆ ಕಣ್ಣಾಡಿಸಿದಳು. ಎರಡು ಗೆಡ್ಡೆ ಅತೀಸ್ ಅಲ್ಲ, ವತ್ಸನಾಭಿ. ಜೀವ ತೆಗೆಯಲು ಅದರ ಒಂದು ತುಣುಕು ಸಾಕು. ಸಾಹೇಬರಿಗೆ ನಿಜಕ್ಕೂ ಗೊತ್ತಿಲ್ಲವೋ, ಬಾಯಿ ಬಿಡಿಸಲೆಂದೇ ಇಟ್ಟಿದ್ದಾರೋ? ಅವಳು ತುಟಿ ಕಚ್ಚಿ ಕೂತಳು. ಉಳಿದವರೂ ಅಲುಗಲಿಲ್ಲ. ಹಾಸ್ಟೆಲಿನಲ್ಲಿ ಓದಿ ಬಂದ ನಾದಿನಿ ಹೀರಾಗೆ ಮಾತ್ರ ನಿಜವಾಗಿಯೂ ಬೇರಿನ ಗಂಧಗಾಳಿ ಇರಲಿಲ್ಲ. ಅವಳು ಆ ಎರಡರಲ್ಲೊಂದನ್ನೇ ಎತ್ತಿ ಬಾಯಿಗೆ ಒಯ್ದಳು.

ಗಂಗೋತ್ರಿ ಅವಳ ಕೈಗೆ ಫಟಾರನೆ ಹೊಡೆದಳು. "ಬಿಸಾಕೇ, ಅದು ವಿಷ."

ಸಾಹೇಬರ ನಗು ಇಂಗಿಹೋಯಿತು. ಗೆಡ್ಡೆ ಮುರಿದು ನೋಡಿ, ಬೆವರು ಒರೆಸಿಕೊಂಡು ಕೇಳಿದರು. "ನಿಮಗೆ ಹೇಗೆ ಗೊತ್ತಾಯ್ತು ದೀದಿ?"

ಹೆಂಗಸರೆಲ್ಲ ನೆಲ ನೋಡಿದರು.

"ಅಗೆದಿದೀನಿ ಸಾಹೇಬ್ರೆ. ನಾನೊಬ್ಳೇ."

ಅವರು ಪಾಸಾದವರ ಪಟ್ಟಿಯಲ್ಲಿ ಮೊದಲು ಅವಳ ಹೆಸರು ಬರೆದರು. ಅಗೆದು ಬರಿದಾದ ಜಾಗಗಳನ್ನು ನಮಗೆ ತೋರಿಸಿ, ಅಲ್ಲಿ ಮತ್ತೆ ಅತೀಸ್ ನೆಡಿಸುವ ಕೆಲಸ ನಿಮ್ಮದು ಎಂದರು.

ಸಂಜೆ ಮನೆಯಲ್ಲಿ ಅತ್ತೆ ಉಪ್ಪು ಚಹಾ ಬಗ್ಗಿಸಿ ಎಲ್ಲರಿಗೂ ಕೊಟ್ಟಳು. ಗಂಗೋತ್ರಿಯ ಬಟ್ಟಲನ್ನು ಮಾತ್ರ ದೂರದಿಂದ ತಳ್ಳಿದಳು.

"ನನ್ನ ಮಗಳನ್ನ ಉಳಿಸ್ದೆ, ಇಲ್ಲ ಅನ್ನಲ್ಲ. ಇನ್ಮೇಲೆ ನಾನು ಅಗೆದ ಜಾಗಾನೂ ಅವ್ರಿಗೆ ತೋರಿಸ್ತೀಯಾ?"

ಗಂಗೋತ್ರಿ ಇಲ್ಲ ಎನ್ನದೆ, ಬಟ್ಟಲನ್ನು ತಾನೇ ಹತ್ತಿರ ಎಳೆದುಕೊಂಡಳು.